ಸಂಬಳ, ಸವಲತ್ತು ಹೆಚ್ಚಿಸಿದರೆ ಬ್ಯಾಂಕ್ ನೌಕರರ ಕೆಲಸ ಸುಧಾರಿಸುತ್ತದೆಯೇ?

ಸುಧಾರಿಸುತ್ತದೆ. ಆದರೆ ಎಷ್ಟು ಕೊಡುತ್ತಾರೆ ಅನ್ನುವುದಕ್ಕಿಂತ ಏನನ್ನು ಲೆಕ್ಕ ಹಾಕಿ ಕೊಡುತ್ತಾರೆ ಅನ್ನುವುದೇ ಮುಖ್ಯ. ನೀವು ಪ್ರಾಜೆಕ್ಟ್‌ಗಾಗಿ ಕೇಳಿದ್ದೀರಿ ಅಂದಿದ್ದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಶಾಖೆಯಲ್ಲಿ ಕ್ಯಾಶ್ ಕೌಂಟರಿನಲ್ಲೂ ಕೂತವನು, ಸಾಲ ವಿಭಾಗದಲ್ಲೂ ದುಡಿದವನು.

ಕೌಂಟರಿನಲ್ಲಿ ಮೂಲ ಸಂಬಳದ್ದೇ ಮಾತು. ಸಂಜೆ ಲೆಕ್ಕ ಹೊಂದಿಸುವಾಗ ಕ್ಯಾಶ್ ಕಡಿಮೆ ಬಿದ್ದರೆ ಎಷ್ಟೋ ಬ್ಯಾಂಕುಗಳಲ್ಲಿ ಕ್ಯಾಶಿಯರೇ ಕೈಯಿಂದ ತುಂಬಬೇಕು. ತಿಂಗಳ ಖರ್ಚಿಗೇ ಸಾಲದ ಸಂಬಳ, ಅದರ ಮೇಲೆ ಈ ಭಯ! ಒಂದೇ ಕಟ್ಟನ್ನು ಮತ್ತೆ ಮತ್ತೆ ಎಣಿಸುತ್ತಾನೆ, ಕ್ಯೂ ಬೆಳೆಯುತ್ತದೆ, ಗ್ರಾಹಕರು ಕೂಗಾಡುತ್ತಾರೆ. ಸಾಕಷ್ಟು ಸಂಬಳ ಬಂದರೆ ಈ ಒತ್ತಡ ಇಳಿಯುತ್ತದೆ. ಅಲ್ಲಿಂದಾಚೆ ಎಷ್ಟು ಸೇರಿಸಿದರೂ ನೋಟು ಎಣಿಸುವ ಕೈ ಚುರುಕಾಗುವುದಿಲ್ಲ. ಸಂಬಳ ಕಡಿಮೆಯಾದರೆ ಅಸಮಾಧಾನ ಹುಟ್ಟುತ್ತದೆ, ಆದರೆ ಜಾಸ್ತಿಯಾದ ಮಾತ್ರಕ್ಕೆ ಹುಮ್ಮಸ್ಸು ಹುಟ್ಟುವುದಿಲ್ಲ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ವಾದಿಸಿದ್ದರು. ಅದನ್ನು ಒಪ್ಪದವರೂ ಬಹಳ ಇದ್ದಾರೆ. ಕೌಂಟರಿನ ಮಟ್ಟಿಗೆ ನನಗೆ ಸರಿ ಅನ್ನಿಸಿದೆ.

ತೊಡಕು ಶುರುವಾಗುವುದು ಇನ್ಸೆಂಟಿವ್‌ನಿಂದ, ಅಂದರೆ ಗುರಿ ಮುಟ್ಟಿದ್ದಕ್ಕೆ ಸಂಬಳದ ಮೇಲೆ ಕೊಡುವ ದುಡ್ಡಿನಿಂದ. ಬ್ಯಾಂಕಿನಲ್ಲಿ ಮಾಡಿದ ಕೆಲಸದ ಫಲ ತಡವಾಗಿ ಕಾಣಿಸುತ್ತದೆ. ಇವತ್ತು ಮಂಜೂರಾದ ಸಾಲ ಕೆಟ್ಟದ್ದು ಅಂತ ತಿಳಿಯುವುದು ಎರಡು ಮೂರು ವರ್ಷದ ಮೇಲೆ. ಇನ್ಸೆಂಟಿವ್ ಮಾತ್ರ ಇದೇ ತ್ರೈಮಾಸಿಕದಲ್ಲಿ ಕೈಸೇರಿರುತ್ತದೆ. ಅಷ್ಟರಲ್ಲಿ ಸಾಲ ಕೊಟ್ಟವನಿಗೆ ವರ್ಗವಾಗಿರುತ್ತದೆ, ವಸೂಲಿಯ ತಲೆನೋವು ಹೊಸಬನದು. ಠೇವಣಿಗೆ ಟಾರ್ಗೆಟ್ ಇಟ್ಟರೆ ತ್ರೈಮಾಸಿಕದ ಕೊನೇ ದಿನ ಪರಿಚಯದವರಿಂದ ದುಡ್ಡು ತರಿಸಿ ಹಾಕಿಸುತ್ತಾರೆ, ನಾಲ್ಕು ದಿನಕ್ಕೆ ಅದು ವಾಪಸ್ ಹೋಗುತ್ತದೆ. ವಿಮೆಗೆ ಟಾರ್ಗೆಟ್ ಇಟ್ಟರೆ, ಠೇವಣಿ ನವೀಕರಿಸಲು ಬಂದ ವಯಸ್ಸಾದವರು ಏನೆಂದು ತಿಳಿಯದೆ ಪಾಲಿಸಿಗೆ ಸಹಿ ಹಾಕಿ ಹೋಗುತ್ತಾರೆ. ವರದಿಯಲ್ಲಿ ಇದೆಲ್ಲ ‘ಉತ್ತಮ ಸಾಧನೆ’!

ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಪ್ರಕರಣವನ್ನು ನಿಮ್ಮ ವರದಿಯಲ್ಲಿ ಖಂಡಿತ ಸೇರಿಸಿ. ಒಬ್ಬೊಬ್ಬ ಗ್ರಾಹಕನಿಗೂ ಎಂಟು ಉತ್ಪನ್ನ ಮಾರಬೇಕು ಅನ್ನುವ ಗುರಿ, ಅದರ ಒತ್ತಡ, ಜೊತೆಗೆ ಬೋನಸ್. ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದಂತೆ ಅವರ ಹೆಸರಿನಲ್ಲಿ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಕೆಲವು ವರ್ಷಗಳ ಅವಧಿಯಲ್ಲಿ ಸುಮಾರು 5,300 ಜನರನ್ನು ಕೆಲಸದಿಂದ ತೆಗೆದಿದ್ದರು, ಬಹುಪಾಲು ಕೆಳಹಂತದವರನ್ನೇ.

ಇದಕ್ಕೆ ಹುಡುಕಿದ ಒಂದು ಮದ್ದು, ಬೋನಸ್ಸನ್ನು ತಡೆದು ಕೊಡುವುದು. ಜಗತ್ತಿನ ಹಣಕಾಸು ವ್ಯವಸ್ಥೆಯ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಸಂಸ್ಥೆ ಫೈನಾನ್ಷಿಯಲ್ ಸ್ಟೆಬಿಲಿಟಿ ಬೋರ್ಡ್ 2009ರಲ್ಲಿ, ದೊಡ್ಡ ಬ್ಯಾಂಕುಗಳ ಹಿರಿಯರ ಬೋನಸ್‌ನಲ್ಲಿ ದೊಡ್ಡ ಪಾಲನ್ನು, ಉದಾಹರಣೆಗೆ ಶೇಕಡಾ 40ರಿಂದ 60ರಷ್ಟನ್ನು, ಕನಿಷ್ಠ ಮೂರು ವರ್ಷ ಹಿಡಿದಿಡಬೇಕು ಅಂದಿತು. ಐರೋಪ್ಯ ಒಕ್ಕೂಟ 2014ರಿಂದ ಬೋನಸ್‌ಗೆ ಮಿತಿಯನ್ನೇ ಹಾಕಿತು: ಸ್ಥಿರ ಸಂಬಳದಷ್ಟು, ಷೇರುದಾರರು ಒಪ್ಪಿದರೆ ಅದರ ಎರಡರಷ್ಟು. ಮಿತಿ ತಪ್ಪಿಸಿಕೊಳ್ಳಲು ಬ್ಯಾಂಕುಗಳು ಸ್ಥಿರ ಸಂಬಳವನ್ನೇ ಏರಿಸಿದವು. ಒಕ್ಕೂಟದಿಂದ ಹೊರಬಂದಿದ್ದ ಬ್ರಿಟನ್ 2023ರಲ್ಲಿ ಆ ಮಿತಿಯನ್ನು ತೆಗೆದುಹಾಕಿತು. ಮಿತಿಗಿಂತ ತಡೆದು ಕೊಡುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಸವಲತ್ತು. ಕಡಿಮೆ ಬಡ್ಡಿಯ ಸ್ಟಾಫ್ ಲೋನ್, ಪಿಂಚಣಿ, ಆಸ್ಪತ್ರೆ ಖರ್ಚು ಇವೆಲ್ಲ ಜನ ಬಿಟ್ಟುಹೋಗದಂತೆ ನೋಡಿಕೊಳ್ಳುತ್ತವೆ, ಅಷ್ಟೇ. ಅದೂ ಸಣ್ಣದಲ್ಲ, ಹಳೇ ಗ್ರಾಹಕರನ್ನು ಮುಖ ನೋಡಿ ಗುರುತಿಸುವ ಅಧಿಕಾರಿಗೆ ಬೆಲೆ ಇದ್ದೇ ಇದೆ. ಆದರೆ ಕೆಲಸ ಸಾಕಾಗಿಹೋದವನೂ ಗೃಹಸಾಲ ತೀರುವ ತನಕ ಅಂತ ಕೂತೇ ಇರುತ್ತಾನೆ.

ಹಾಗಾಗಿ ಪ್ರಶ್ನಾವಳಿಯಲ್ಲಿ ‘ಸಂಬಳ ತೃಪ್ತಿಕರವೇ’ ಅಂತ ಕೇಳಿ ನಿಲ್ಲಿಸಬೇಡಿ. ‘ನಿಮ್ಮ ಇನ್ಸೆಂಟಿವ್ ಯಾವುದರ ಮೇಲೆ ಬರುತ್ತದೆ, ಕೊಟ್ಟ ಸಾಲ ಕೆಟ್ಟರೆ ಅದು ವಾಪಸ್ ಹೋಗುತ್ತದೆಯೇ’ ಅಂತಲೂ ಕೇಳಿ. ಮ್ಯಾನೇಜರ್ ಪಕ್ಕದಲ್ಲಿದ್ದರೆ ಇದನ್ನು ಕೇಳಲೇಬೇಡಿ.