‘ಟಿಕ್’ ಎನ್ನುವುದು ಎಲ್ಲಿಂದ? ರೋಡ್ ಸೈಕಲ್ಲಿನ ಶಬ್ದಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಆರಿದ್ರಾ ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಶಬ್ದದ ಬಗ್ಗೆಯೇ. ಒಬ್ಬರಿಗೆ ‘ಟಿಕ್’, ಇನ್ನೊಬ್ಬರಿಗೆ ‘ಕಿರ್ರ್’, ಮತ್ತೊಬ್ಬರಿಗೆ ‘ಲೊಟಲೊಟ’. ಕೇಳಿದ್ದನ್ನು ಹೀಗೆ ಅಕ್ಷರಕ್ಕಿಳಿಸಿ ಕಳಿಸುವುದು ಒಳ್ಳೆಯದೇ, ರಿಪೇರಿ ಮಾಡುವವನ ಅರ್ಧ ಕೆಲಸ ಅಲ್ಲಿಗೆ ಮುಗಿಯುತ್ತದೆ. ಈ ಸಲ ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನದು ಮೂರು ವರ್ಷ ಹಳೆಯ ಅಲ್ಯೂಮಿನಿಯಂ ರೋಡ್ ಸೈಕಲ್. ವಾರಕ್ಕೆರಡು ಬೆಳಿಗ್ಗೆ ಮೇಗರವಳ್ಳಿಯವರೆಗೆ ಹೋಗಿ ಬರುತ್ತೇನೆ. ಏರು ಬಂದ ಕೂಡಲೇ ಕಾಲಿನ ಬುಡದಲ್ಲಿ, ಪ್ರತಿ ತುಳಿತಕ್ಕೂ ‘ಟಿಕ್’. ಅಂಗಡಿಯವರು ಬಾಟಮ್ ಬ್ರಾಕೆಟ್ (ಎರಡು ಪೆಡಲ್‌ಗಳ ನಡುವಿನ ಅಚ್ಚು ತಿರುಗುವ ಬೇರಿಂಗ್) ಹೋಗಿದೆ ಎಂದು ಹೊಸದು ಹಾಕಿದರು. ಎರಡು ದಿನ ಸುಮ್ಮನಿತ್ತು, ಮೂರನೆಯ ದಿನ ಮತ್ತೆ ಶುರುವಾಯಿತು. ಎದ್ದು ನಿಂತು ತುಳಿದಾಗ ಮಾತ್ರ ಬರುವುದಿಲ್ಲ. ಇನ್ನು ಏನನ್ನು ಬದಲಾಯಿಸಲಿ? (ಬ್ಯಾಂಕ್ ಉದ್ಯೋಗಿ, ತೀರ್ಥಹಳ್ಳಿ)

ಉತ್ತರ: ಏನನ್ನೂ ಬದಲಾಯಿಸಬೇಡಿ. ಕಾಯಿಲೆ ಯಾವುದೆಂದು ನೀವೇ ಪತ್ರದ ಕೊನೆಯಲ್ಲಿ ಬರೆದುಬಿಟ್ಟಿದ್ದೀರಿ. ಎದ್ದು ನಿಂತಾಗ ಬಾಟಮ್ ಬ್ರಾಕೆಟ್ಟಿನ ಮೇಲೆ ಬೀಳುವ ಭಾರ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ತಪ್ಪು ಅದರದ್ದಾಗಿದ್ದರೆ ಆಗ ಇನ್ನೂ ಜೋರಾಗಿ ಕೂಗಬೇಕಿತ್ತು. ನಿಂತಾಗ ಭಾರ ತಪ್ಪುವುದು ಒಂದೇ ಜಾಗಕ್ಕೆ. ಅದು ಸೀಟು.

‘ಆದರೆ ಶಬ್ದ ಕಾಲಿನ ಹತ್ತಿರವೇ ಕೇಳುತ್ತದಲ್ಲ, ಅದೂ ತುಳಿತಕ್ಕೆ ಸರಿಯಾಗಿ’ ಎನ್ನುತ್ತೀರಿ. ಎರಡಕ್ಕೂ ಕಾರಣವಿದೆ. ಕುಳಿತು ತುಳಿಯುವಾಗ ನಮ್ಮ ಸೊಂಟ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತದೆ. ಆ ವಾಲಾಟಕ್ಕೆ ಸೀಟನ್ನು ಹೊತ್ತ ಕಂಬ, ಅಂದರೆ ಸೀಟ್ ಪೋಸ್ಟ್, ಕೂದಲೆಳೆಯಷ್ಟು ಅಲುಗಿ ಟಿಕ್ ಎನ್ನುತ್ತದೆ. ಹಾಗಾಗಿ ತಾಳ ತುಳಿತದ್ದೇ ಆಗಿರುತ್ತದೆ. ಇನ್ನು ಜಾಗದ ಮಾತು: ಸೈಕಲ್ಲಿನ ಚೌಕಟ್ಟು ಎಂದರೆ ಒಂದಕ್ಕೊಂದು ಬೆಸೆದ ಪೊಳ್ಳು ಕೊಳವೆಗಳು. ಬಿದಿರಿನ ಒಂದು ತುದಿಗೆ ತಟ್ಟಿದರೆ ಇನ್ನೊಂದು ತುದಿಯಲ್ಲಿ ಕೇಳುವ ಹಾಗೆ, ಮೇಲೆ ಹುಟ್ಟಿದ ಶಬ್ದ ಕೊಳವೆಯಲ್ಲಿ ಇಳಿದು ಕೆಳಗೆ ದೊಡ್ಡದಾಗುತ್ತದೆ. ಸೈಕಲ್ಲಿನ ಶಬ್ದ ಎಲ್ಲಿಂದ ಬರುತ್ತಿದೆ ಎನ್ನುವುದರಲ್ಲಿ ಕಿವಿಯನ್ನು ನಂಬಬಾರದು. ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎನ್ನುವುದರಲ್ಲಿ ಮಾತ್ರ ಅದು ನಂಬಿಕಸ್ಥ. ನೀವು ಕಾಲವನ್ನು ಸರಿಯಾಗಿ ಗಮನಿಸಿದಿರಿ, ಅಂಗಡಿಯವರು ಜಾಗವನ್ನು ನಂಬಿದರು. ಎರಡು ದಿನ ಸುಮ್ಮನಿತ್ತಲ್ಲ, ಅದಕ್ಕೆ ಬಹುಶಃ ಹೊಸ ಬ್ರಾಕೆಟ್ ಕಾರಣವಲ್ಲ. ರಿಪೇರಿ ಸ್ಟ್ಯಾಂಡಿಗೆ ಸೈಕಲ್ಲನ್ನು ಸೀಟ್ ಪೋಸ್ಟಿನಿಂದಲೇ ಕಚ್ಚಿಸುವುದು ರೂಢಿ. ಹಾಗೆ ಕಚ್ಚಿಸಲು ಅದನ್ನು ಎತ್ತಿ ಇಳಿಸಿದಾಗ ಅಲ್ಲಿದ್ದ ಮಣ್ಣು ಸ್ವಲ್ಪ ಸರಿದಿರುತ್ತದೆ.

ಸೀಟ್ ಪೋಸ್ಟ್ ಕೊಳವೆಯೊಳಗೆ ಇಳಿಯುವ ಕಡೆ, ಅದನ್ನು ಬಿಗಿಯುವ ಕ್ಲಾಂಪಿನ ಕೆಳಗೆ, ಕೊಳವೆಯಲ್ಲಿ ಒಂದು ಸೀಳು ಇರುತ್ತದೆ. ಹೆಚ್ಚಿನ ಸೈಕಲ್ಲುಗಳಲ್ಲಿ ಅದು ಹಿಂದಿನ ಚಕ್ರದ ಕಡೆಗೇ ಬಾಯಿ ತೆರೆದುಕೊಂಡಿರುತ್ತದೆ. ನಮ್ಮ ರಸ್ತೆಯ ಕೆಂಪು ನೀರನ್ನು ಚಕ್ರ ನೇರವಾಗಿ ಆ ಸೀಳಿಗೇ ಎರಚುತ್ತದೆ. ಮೊದಲು ಪೋಸ್ಟಿನ ಎತ್ತರಕ್ಕೆ ಇನ್ಸುಲೇಷನ್ ಟೇಪ್ ಸುತ್ತಿ ಗುರುತು ಮಾಡಿ, ಇಲ್ಲದಿದ್ದರೆ ಆಮೇಲೆ ಮೊಣಕಾಲು ಬೈಯುತ್ತದೆ. ನಂತರ ಪೋಸ್ಟನ್ನು ಪೂರ್ತಿ ಹೊರಗೆಳೆಯಿರಿ. ಜಂಬಿಟ್ಟಿಗೆ ಬಣ್ಣದ ನುಣ್ಣನೆಯ ಕೆಸರು, ಅಲ್ಲಲ್ಲಿ ಬಿಳಿ ಪುಡಿ ಕಂಡರೆ ಆಶ್ಚರ್ಯಪಡಬೇಡಿ. ಒಳಗೂ ಹೊರಗೂ ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿ, ತೆಳ್ಳಗೆ ಗ್ರೀಸ್ ಸವರಿ, ಮತ್ತೆ ಇಳಿಸಿ. ಪೋಸ್ಟಾಗಲಿ ಚೌಕಟ್ಟಾಗಲಿ ಕಾರ್ಬನ್‌ನದಾಗಿದ್ದರೆ ಗ್ರೀಸ್ ಕೂಡದು, ಅದಕ್ಕೆಂದೇ ಸಿಗುವ ಮರಳು ಮರಳಾದ ಕಾರ್ಬನ್ ಪೇಸ್ಟ್ ಹಚ್ಚಬೇಕು. ಬಿಗಿತ ಎಷ್ಟೆಂದು ಕ್ಲಾಂಪಿನ ಮೇಲೇ ಬರೆದಿರುತ್ತದೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಶಬ್ದದ ಮೇಲಿನ ಸಿಟ್ಟನ್ನು ಅಲೆನ್ ಕೀಯ ಮೇಲೆ ತೋರಿಸಬೇಡಿ.

ಇಷ್ಟು ಮಾಡಿ ಒಂದು ಏರು ಹತ್ತಿ ನೋಡಿ. ಹೋಗದಿದ್ದರೆ ಸೀಟಿನ ಕೆಳಗಿನ ಎರಡು ಕಂಬಿಗಳನ್ನು ಹಿಡಿದಿರುವ ತಲೆಯನ್ನು ಬಿಚ್ಚಿ ಒರೆಸಿ, ಕಂಬಿ ಕೂರುವ ಕಡೆ ಸ್ವಲ್ಪ ಗ್ರೀಸ್ ಇಟ್ಟು ಬಿಗಿಯಿರಿ. ಮತ್ತೆ ಏರು. ಒಂದು ಸಲಕ್ಕೆ ಒಂದೇ ಕೆಲಸ ಎನ್ನುವುದು ಈ ಹುಡುಕಾಟದ ಏಕೈಕ ಕಟ್ಟುನಿಟ್ಟು. ಒಟ್ಟಿಗೆ ನಾಲ್ಕು ಕಡೆ ಬಿಗಿದು ಶಬ್ದ ನಿಂತರೆ, ಮುಂದಿನ ಮಳೆಗಾಲದಲ್ಲಿ ಮತ್ತೆ ನಾಲ್ಕೂ ಕಡೆ ಬಿಗಿಯಬೇಕಾಗುತ್ತದೆ.

ಎದ್ದು ನಿಂತಾಗಲೂ ಬರುವ ಟಿಕ್ ಇದ್ದವರಿಗೂ ಒಂದು ಮಾತು. ಅವರೂ ಬಾಟಮ್ ಬ್ರಾಕೆಟ್ಟನ್ನು ಕೊನೆಗಿಟ್ಟುಕೊಳ್ಳಲಿ. ಮೊದಲು ಪೆಡಲ್‌ಗಳನ್ನು ಬಿಚ್ಚಿ, ಮರೆಯನ್ನು (ಸ್ಕ್ರೂವಿನ ಸುತ್ತುಗಳನ್ನು) ಒರೆಸಿ, ಗ್ರೀಸ್ ಹಚ್ಚಿ ಹಾಕಲಿ. ಎಡಗಡೆಯ ಪೆಡಲಿನ ಮರೆ ಉಲ್ಟಾ, ಎಲ್ಲರೂ ಬಿಗಿಯುವ ದಿಕ್ಕಿಗೆ ತಿರುಗಿಸಿದರೆ ಅದು ಬಿಚ್ಚುತ್ತದೆ. ಇದನ್ನು ಮರೆತು ಪಾನಾದ ಮೇಲೆ ಹತ್ತಿ ನಿಂತವರನ್ನು ನಾನು ಕಂಡಿದ್ದೇನೆ. ಆಮೇಲೆ ಮುಂದಿನ ಹಲ್ಲುಚಕ್ರದ ಬೋಲ್ಟುಗಳು, ಹಿಂದಿನ ಚಕ್ರವನ್ನು ಚೌಕಟ್ಟಿಗೆ ಬಿಗಿಯುವ ಹಿಡಿಕೆ, ಅಂದರೆ ಕ್ವಿಕ್ ರಿಲೀಸ್. ಈ ಕೊನೆಯದು ಸಡಿಲವಿದ್ದರೂ ತುಳಿತಕ್ಕೆ ಸರಿಯಾಗಿ ಕಿರುಗುಡುತ್ತದೆ. ಎಲ್ಲ ಮುಗಿದ ಮೇಲೆ ಬ್ರಾಕೆಟ್. ಬೇರಿಂಗುಗಳನ್ನು ಮರೆಯಿಲ್ಲದೆ ಬರೀ ಒತ್ತಿ ಕೂರಿಸಿದ ಪ್ರೆಸ್ ಫಿಟ್ ಬಗೆಯಾದರೆ ಮಾತ್ರ ಅದನ್ನು ಸ್ವಲ್ಪ ಬೇಗ ಅನುಮಾನಿಸಬಹುದು, ಕಿರುಗುಡುವುದರಲ್ಲಿ ಆ ಜಾತಿಗೆ ಹೆಸರಿದೆ.

ನಾನೂ ಒಮ್ಮೆ ಬಲಗಾಲಿನ ತುಳಿತಕ್ಕೆ ಮಾತ್ರ ಬರುವ ‘ಟಿಕ್’ಗಾಗಿ ಒಂದು ಭಾನುವಾರವಿಡೀ ಸೈಕಲ್ ಬಿಚ್ಚಿ ಹರಡಿಕೊಂಡು ಕುಳಿತಿದ್ದೆ. ಸಂಜೆಗೆ ಎಲ್ಲ ಜೋಡಿಸಿ ಹೊರಟರೆ ಶಬ್ದವಿಲ್ಲ. ಮರುದಿನ ಮಳೆ ಬಂತು, ಶಬ್ದವೂ ಬಂತು. ರೇನ್‌ಕೋಟಿನ ಜಿಪ್ಪಿನ ಲೋಹದ ಕಿವಿ ಮೊಣಕಾಲು ಎದ್ದಾಗೆಲ್ಲ ಚೌಕಟ್ಟಿಗೆ ತಾಗುತ್ತಿತ್ತು.

ಪ್ರಶ್ನೆ: ಮಳೆಯಲ್ಲಿ ಬ್ರೇಕ್ ಹಿಡಿದರೆ ಇಡೀ ಬೀದಿ ತಿರುಗಿ ನೋಡುವಷ್ಟು ಕೀರಲು ದನಿ. ರಿಮ್ ಬ್ರೇಕ್. ಒಂದು ಹನಿ ಎಣ್ಣೆ ಬಿಟ್ಟರೆ ಹೋಗುತ್ತದೆ ಎಂದು ಗೆಳೆಯ ಹೇಳುತ್ತಾನೆ. (ಕಾಲೇಜು ವಿದ್ಯಾರ್ಥಿನಿ, ಸಾಗರ)

ಉತ್ತರ: ಹೋಗುತ್ತದೆ, ಜೊತೆಗೆ ಬ್ರೇಕೂ ಹೋಗುತ್ತದೆ. ಗೆಳೆಯನ ಮಾತು ಕೇಳಬೇಡಿ.

ಚಕ್ರ ಬಿಚ್ಚಿ ಬ್ರೇಕ್ ಬ್ಲಾಕಿನ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪು ರಬ್ಬರಿನಲ್ಲಿ ಕೆಂಪು ಕಲ್ಲಿನ ಕಾಳುಗಳು, ನಡುವೆ ಮಿಣಮಿಣ ಹೊಳೆಯುವ ಚೂರುಗಳು ಕಾಣಬಹುದು. ಹೊಳೆಯುವುದು ನಿಮ್ಮ ರಿಮ್ಮಿನದೇ ಅಲ್ಯೂಮಿನಿಯಂ, ಆ ಕಲ್ಲು ಕೆರೆದು ತೆಗೆದದ್ದು. ಪಿನ್ನಿನಿಂದ ಒಂದೊಂದನ್ನೇ ಕಿತ್ತು, ಮುಖವನ್ನು ಮರಳು ಕಾಗದದಿಂದ ಉಜ್ಜಿ. ರಿಮ್ಮನ್ನು ಸೋಪಿನ ನೀರಿನಿಂದ ತೊಳೆದು ಒಣಗಿಸಿ. ಆಮೇಲೂ ಕೀರಿದರೆ ಬ್ಲಾಕನ್ನು ಸ್ವಲ್ಪ ಓರೆಯಾಗಿ ಕೂರಿಸಬೇಕು. ಅದರ ಮುಂದಿನ ತುದಿ ಮೊದಲು ರಿಮ್ಮಿಗೆ ತಾಗಬೇಕು, ಹಿಂದಿನ ತುದಿ ಒಂದು ಮಿಲಿಮೀಟರಿನಷ್ಟು ತಡವಾಗಿ. ಮದುವೆಯ ಕರೆಯೋಲೆಯ ತುಂಡೊಂದನ್ನು ಮಡಚಿ ಬ್ಲಾಕಿನ ಹಿಂದಿನ ತುದಿಗೂ ರಿಮ್ಮಿಗೂ ನಡುವೆ ಸಿಕ್ಕಿಸಿ, ಬ್ರೇಕ್ ಹಿಡಿದುಕೊಂಡೇ ಬೋಲ್ಟ್ ಬಿಗಿದರೆ ಅಳತೆ ತಾನಾಗಿ ಬರುತ್ತದೆ.

ಕೈಗೆ ಸಿಕ್ಕಿದಾಗಲೇ ರಿಮ್ಮಿನ ಪಕ್ಕೆಯ ಮೇಲೆ ಬೆರಳಾಡಿಸಿ. ತಟ್ಟೆಯ ಹಾಗೆ ಒಳಕ್ಕೆ ತಗ್ಗಿದ್ದರೆ, ಅಥವಾ ಸವೆತ ತೋರಿಸಲೆಂದು ಕೊರೆದಿರುವ ಸಣ್ಣ ಗೀರು ಅಳಿಸಿ ಹೋಗಿದ್ದರೆ, ಕೀರಲು ದನಿಯನ್ನು ಮರೆತು ಹೊಸ ರಿಮ್ಮಿಗೆ ದುಡ್ಡು ಹೊಂದಿಸಿ.

ಡಿಸ್ಕ್ ಬ್ರೇಕಿನವರೂ ಕೇಳಿದ್ದಾರೆ. ಒದ್ದೆಯಾದಾಗ ಕೂಗಿ, ಒಣಗಿದ ಮೇಲೆ ಸುಮ್ಮನಾದರೆ ಅದು ರೋಗವಲ್ಲ. ಒಣಗಿದರೂ ಕೂಗಿದರೆ ಚೈನಿನ ಎಣ್ಣೆಯೋ ನಿಮ್ಮ ಬೆರಳಿನ ಜಿಡ್ಡೋ ಡಿಸ್ಕಿಗೆ ತಾಗಿದೆ. ಡಿಸ್ಕನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಪ್ಯಾಡ್ ಎಣ್ಣೆ ಕುಡಿದಿದ್ದರೆ ಬದಲಾಯಿಸುವುದೇ ಸರಿ.

ಪ್ರಶ್ನೆ: ಎರಡು ಮೂರು ತುಳಿತಕ್ಕೊಮ್ಮೆ ‘ಟಕ್’ ಎಂದು ಪೆಡಲ್ ಒಂದಿಷ್ಟು ಜಾರಿದಂತಾಗುತ್ತದೆ. ಪ್ರತಿ ತುಳಿತಕ್ಕೂ ಅಲ್ಲ, ಆದರೆ ತಾಳ ತಪ್ಪುವುದಿಲ್ಲ. (ವಿನೋಬನಗರ, ಶಿವಮೊಗ್ಗ)

ಉತ್ತರ: ಸೈಕಲ್ಲಿನಲ್ಲಿ ಮೂರು ಗಡಿಯಾರಗಳಿವೆ. ಪೆಡಲಿನದು, ಚಕ್ರದ್ದು, ಚೈನಿನದು. 25 ಮಿಲಿಮೀಟರ್ ಟಯರಿನ ಚಕ್ರ ಸುಮಾರು 2.1 ಮೀಟರಿಗೊಂದು ಸುತ್ತು ಹಾಕುತ್ತದೆ. ತುಳಿಯುವುದು ನಿಲ್ಲಿಸಿ ಸೈಕಲ್ಲನ್ನು ಅದರ ಪಾಡಿಗೆ ಬಿಟ್ಟಾಗಲೂ ಶಬ್ದ ಮುಂದುವರಿದರೆ ಅದು ಚಕ್ರದ ಗಡಿಯಾರ. ನಿಮ್ಮದು ಚೈನಿನದು. ಲೆಕ್ಕ ಹಾಕಿ: ಚೈನಿನಲ್ಲಿ 108 ಕೊಂಡಿ, ಮುಂದೆ 50 ಹಲ್ಲು ಎಂದುಕೊಂಡರೆ ಒಂದೇ ಕೊಂಡಿ ಮತ್ತೆ ಅದೇ ಜಾಗಕ್ಕೆ ಬರಲು ಪೆಡಲ್ ಎರಡು ಸುತ್ತಿಗಿಂತ ತುಸು ಹೆಚ್ಚು ತಿರುಗಬೇಕು. ಮುಂದಿನ 34 ಹಲ್ಲಿನ ಸಣ್ಣ ಹಲ್ಲುಚಕ್ರಕ್ಕೆ ಹಾಕಿದರೆ ಮೂರು ಸುತ್ತು ದಾಟುತ್ತದೆ. ಗೇರ್ ಬದಲಿಸಿದಾಗ ತಾಳ ಹೀಗೆ ನಿಧಾನವಾದರೆ ಅನುಮಾನವೇ ಬೇಡ.

ಒಂದು ಕೊಂಡಿ ಬಿಗಿಯಾಗಿದೆ. ಸೈಕಲ್ ನಿಲ್ಲಿಸಿ ಪೆಡಲನ್ನು ಹಿಂದಕ್ಕೆ ನಿಧಾನವಾಗಿ ತಿರುಗಿಸುತ್ತ, ಹಿಂದೆ ಜೋತಾಡುವ ಗೇರ್ ಬದಲಿಸುವ ಯಂತ್ರದ ಎರಡು ಪುಟ್ಟ ಹಲ್ಲುಚಕ್ರಗಳನ್ನೇ ನೋಡಿ. ಎಲ್ಲ ಕೊಂಡಿಗಳೂ ಅವುಗಳ ಸುತ್ತ ಬಾಗಿ ಹೋಗುತ್ತವೆ, ಒಂದು ಮಾತ್ರ ಬಾಗಲೊಲ್ಲದೆ ಗೂನು ಬೆನ್ನಿನಂತೆ ಎದ್ದು ನಿಂತು ಟಕ್ಕೆಂದು ದಾಟುತ್ತದೆ. ಅಲ್ಲಿಗೆ ಒಂದು ಹನಿ ಎಣ್ಣೆ ಬಿಟ್ಟು, ಕೊಂಡಿಯ ಎರಡೂ ಪಕ್ಕವನ್ನು ಹೆಬ್ಬೆರಳುಗಳಲ್ಲಿ ಹಿಡಿದು ಚೈನು ಬಾಗುವ ದಿಕ್ಕಿಗಲ್ಲ, ಅಡ್ಡಕ್ಕೆ, ಎರಡು ಮೂರು ಸಲ ಮೆಲ್ಲಗೆ ಮಿಸುಕಿಸಿ. ಸಾಮಾನ್ಯವಾಗಿ ಅಷ್ಟೇ ಸಾಕು. ಮಳೆಯಲ್ಲಿ ನೆಂದ ಚೈನನ್ನು ಹಾಗೇ ನಿಲ್ಲಿಸಿಟ್ಟರೆ ಅಥವಾ ಪಿನ್ನನ್ನು ಸರಿಯಾಗಿ ಒತ್ತದೆ ಚೈನು ಜೋಡಿಸಿದ್ದರೆ ಹೀಗಾಗುತ್ತದೆ.

ಜೊತೆಗೆ ಅಡಿಕೋಲು ಹಿಡಿದು 12 ಇಂಚು ಅಳೆಯಿರಿ. ಒಂದು ಪಿನ್ನಿನ ನಡುವಿನಿಂದ ಶುರುಮಾಡಿದರೆ 24ನೆಯ ಕೊಂಡಿ ದಾಟಿದ ಪಿನ್ನಿನ ನಡು ಸರಿಯಾಗಿ 12ಕ್ಕೆ ಬರಬೇಕು. ಇಂಚಿನ ಹದಿನಾರರಲ್ಲೊಂದು ಭಾಗ ಮುಂದೆ ಹೋಗಿದ್ದರೆ ಕೊಂಡಿಯ ಚಿಂತೆ ಬಿಟ್ಟು ಹೊಸ ಚೈನು ಹಾಕಿಸಿ. ತಡ ಮಾಡಿದರೆ ಹಲ್ಲುಗಳನ್ನೂ ತಿಂದು ಹಾಕುತ್ತದೆ.

ಪ್ರಶ್ನೆ: ಅಡಿಕೆಗೆ ಔಷಧಿ ಹೊಡೆಯುವ ಪೈಪು, ಡ್ರಮ್ಮು ಇಡುವ ಕೊಟ್ಟಿಗೆಯಲ್ಲೇ ಸೈಕಲ್ ನೇತುಹಾಕುತ್ತೇನೆ. ಈಗ ಎಲ್ಲ ಕಡೆಯಿಂದಲೂ ಕರಕರ. ಬೋಲ್ಟುಗಳ ಸುತ್ತ ಹಸಿರು, ಬಿಳಿ ಪುಡಿ. ಸೀಟ್ ಪೋಸ್ಟ್ ಅಲುಗಾಡುವುದೇ ಇಲ್ಲ. (ಕೃಷಿಕ, ಹೊಸನಗರ ತಾಲ್ಲೂಕು)

ಉತ್ತರ: ಅಡಿಕೆಗೆ ಹೊಡೆಯುವ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ನೀವು ಅದಕ್ಕೆ ಹೊಳೆಯುವ ಕತ್ತಿ ಅದ್ದುತ್ತೀರಲ್ಲ? ಸುಣ್ಣ ಕಡಿಮೆಯಾಗಿದ್ದರೆ ಕತ್ತಿಯ ಮೇಲೆ ತಾಮ್ರ ಕೆಂಪಗೆ ಕೂರುತ್ತದೆ. ಮೈಲುತುತ್ತ ಕಬ್ಬಿಣವನ್ನು ಕರಗಿಸಿ ಆ ಜಾಗದಲ್ಲಿ ತಾನು ಕೂರುವ ಪರಿ ಅದು. ಸೈಕಲ್ಲಿನ ಬೋಲ್ಟುಗಳ ಮೇಲೂ ಅದೇ ಪರೀಕ್ಷೆ ದಿನವೂ ನಡೆದಿದೆ. ಅಲ್ಯೂಮಿನಿಯಂ ಇನ್ನೂ ಬಡಪಾಯಿ. ಅದರ ಮೇಲೆ ಕೂತ ತಾಮ್ರದ ಕಣ ನಮ್ಮ ತೇವದ ಹವೆಯಲ್ಲಿ ಸುತ್ತಲಿನ ಲೋಹವನ್ನು ಗುಳಿ ಗುಳಿಯಾಗಿ ತಿನ್ನುತ್ತದೆ.

ಮೊದಲು ಸೈಕಲ್ಲನ್ನು ಆ ಕೊಟ್ಟಿಗೆಯಿಂದ ಹೊರಗೆ ತನ್ನಿ. ಸಾದಾ ನೀರಿನಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ಒಂದೊಂದೇ ಬೋಲ್ಟ್ ತೆಗೆದು ಒರೆಸಿ ಗ್ರೀಸ್ ಹಚ್ಚಿ. ಗುಳಿ ಬಿದ್ದವನ್ನು ಎಸೆದು ಸ್ಟೇನ್‌ಲೆಸ್ ಹಾಕಿ, ದುಬಾರಿಯೇನಲ್ಲ. ಕಚ್ಚಿಕೊಂಡ ಸೀಟ್ ಪೋಸ್ಟಿಗೆ ಕ್ಲಾಂಪ್ ಸಡಿಲಿಸಿ, ಸುತ್ತಲೂ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ, ಬೆಳಿಗ್ಗೆ ಸೀಟನ್ನು ಹಿಡಿದು ಎಡಕ್ಕೂ ಬಲಕ್ಕೂ ತಿರುಚಿ. ಎರಡು ಮೂರು ದಿನ ಹೀಗೆ ತಾಳ್ಮೆಯಿಂದ ಮಾಡಿ. ಸುತ್ತಿಗೆ ಬೇಡ. ಅದೇ ಎಣ್ಣೆಯನ್ನು ಚಕ್ರದ ನಡುವಿಗೂ ಬಾಟಮ್ ಬ್ರಾಕೆಟ್ಟಿಗೂ ಸಿಂಪಡಿಸಿದರೆ ಒಳಗಿನ ಗ್ರೀಸ್ ತೊಳೆದು ಹೋಗಿ ಹೊಸದೊಂದು ಕರಕರ ಸೇರಿಕೊಳ್ಳುತ್ತದೆ, ಆ ಆಸೆ ಬೇಡ.

ಪ್ರಶ್ನೆ: ಶಬ್ದ ಬರುತ್ತಿದ್ದರೂ ಓಡಿಸಬಹುದೇ? ಮುಂದಿನ ವಾರ ಆಗುಂಬೆ ಘಾಟಿ ಇಳಿಯುವವರಿದ್ದೇವೆ. (ಭದ್ರಾವತಿ)

ಉತ್ತರ: ಯಾವ ಶಬ್ದ ಎಂದು ಬರೆದಿಲ್ಲ. ಮೇಲೆ ಹೇಳಿದ ಸೀಟಿನ ಟಿಕ್, ಕೊಂಡಿಯ ಟಕ್ ಇವು ಕಿವಿಗೆ ಕಿರಿಕಿರಿ, ಪ್ರಾಣಕ್ಕಲ್ಲ. ಹ್ಯಾಂಡಲ್, ಅದನ್ನು ಹಿಡಿದಿರುವ ಸ್ಟೆಮ್, ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಈ ಮೂರರಿಂದ ಹೊಸದಾಗಿ ಬಂದ ಶಬ್ದವಾದರೆ ಮಾತ್ರ ಒಂದು ಗಜವೂ ಇಳಿಯಬೇಡಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಜಗ್ಗಿ. ಹ್ಯಾಂಡಲಿನ ಬುಡದಲ್ಲಿ ಲೊಟಕ್ ಎಂದರೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸಡಿಲವಾಗಿದೆ, ಅದನ್ನು ಹತ್ತು ನಿಮಿಷದಲ್ಲಿ ಬಿಗಿಯಬಹುದು. ಹಾಗೆ ಅನ್ನದೆಯೂ ಕಿರುಗುಟ್ಟಿದರೆ ಎಲ್ಲ ಕಡೆ ಒದ್ದೆ ಬಟ್ಟೆಯಿಂದ ಒರೆಸಿ, ಬೆಸುಗೆಯ ಅಂಚಿನಲ್ಲಿ, ಬೋಲ್ಟಿನ ಸುತ್ತ ಕೂದಲೆಳೆಯಂಥ ಕಪ್ಪು ಗೆರೆ ಇದೆಯೇ ಎಂದು ಮೊಬೈಲಿನ ಬೆಳಕಿನಲ್ಲಿ ನೋಡಿ. ಉಗುರು ಹಾಯಿಸಿದರೆ ಸಿಕ್ಕಿಕೊಳ್ಳುವ ಗೆರೆಯಾದರೆ ಅದು ಬಣ್ಣದ ಗೀರಲ್ಲ, ಬಿರುಕು.

ಘಾಟಿಯಲ್ಲಿ 14 ತಿರುವುಗಳಿವೆ, ಪ್ರತಿಯೊಂದರಲ್ಲೂ ಬ್ರೇಕ್ ಹಿಡಿದಾಗ ನಿಮ್ಮ ಹೆಚ್ಚಿನ ಭಾರ ಮುಂದಿನ ಚಕ್ರದ ಮೇಲಿರುತ್ತದೆ. ಇಳಿಯಲು ಶುರು ಮಾಡಿದ ಮೇಲೆ ಶಬ್ದ ಕೇಳಿಸಿದರೂ ಅಲ್ಲೇ ಇಳಿದು, ಸೈಕಲ್ ತಳ್ಳಿಕೊಂಡು ಮೇಲೆ ಬಂದು, ಮೇಲ್ಗಡೆ ಕ್ಯಾರಿಯರ್ ಇರುವ ಬಸ್ಸಿಗೆ ಕಾಯಿರಿ.