ಎರಡನೇ ಕರೆಯಿಂದ ಶುರು ಮಾಡಿ

ನಮಸ್ಕಾರ.

‘ಶುಶ್ರೂಷೆಯಲ್ಲಿ ನಾಯಕತ್ವ’ ಎಂಬ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಐದನೇ ಪುಟದಲ್ಲಿ ಒಂಬತ್ತು ಸಾಲುಗಳಿವೆ. ಅವುಗಳಿಗಾಗಿ ಈ ಪತ್ರವನ್ನು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ನಾಲ್ಕು ಪುಟಗಳಲ್ಲಿ ನಾಯಕಿಗೆ ಸಹನೆ ಇರಬೇಕು, ದೂರದೃಷ್ಟಿ ಇರಬೇಕು, ಎಲ್ಲರನ್ನೂ ಜೊತೆಗೆ ಕರೆದೊಯ್ಯುವ ಗುಣ ಇರಬೇಕು ಎಂದಿದ್ದೀರಿ. ಒಂದೂ ಸುಳ್ಳಲ್ಲ. ಆದರೆ ‘ನರ್ಸ್’ ಎಂಬ ಪದ ತೆಗೆದು ‘ಶಿಕ್ಷಕಿ’ ಎಂದು ಹಾಕಿದರೂ ಆ ಪುಟಗಳಿಗೆ ಏನೂ ಆಗುವುದಿಲ್ಲ. ಹದಿನಾಲ್ಕು ವರ್ಷ ವಾರ್ಡಿನಲ್ಲಿ ದುಡಿದವರಷ್ಟೇ ಬರೆಯಬಲ್ಲ ವಾಕ್ಯಕ್ಕಾಗಿ ಹುಡುಕಿದೆ, ಸಿಗಲಿಲ್ಲ.

ಐದನೇ ಪುಟದಲ್ಲಿ ಸಿಕ್ಕಿತು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಎರಡು ದಿನವಾದ ರೋಗಿ. ರಾತ್ರಿ ಹತ್ತಕ್ಕೆ ಉಸಿರು ನಿಮಿಷಕ್ಕೆ 18, ನಾಡಿ 92. ಹನ್ನೆರಡಕ್ಕೆ 22 ಮತ್ತು 108. ಎರಡಕ್ಕೆ 26 ಮತ್ತು 118. ರಕ್ತದೊತ್ತಡ ಮಾತ್ರ ನೆಟ್ಟಗಿದೆ. ರೋಗಿ ‘ನಿದ್ದೆ ಬರುತ್ತಿಲ್ಲ, ಅಷ್ಟೇ’ ಎನ್ನುತ್ತಾರೆ. ನೀವು ವೈದ್ಯರಿಗೆ ಕರೆ ಮಾಡುತ್ತೀರಿ, ಬೆಳಗಿನವರೆಗೆ ನೋಡೋಣ ಎಂಬ ಉತ್ತರ ಬರುತ್ತದೆ. ಪಾಳಿಯ ಹಿರಿಯ ನರ್ಸ್ ಚಾರ್ಟ್ ನೋಡಿ, ‘ಮತ್ತೆ ಕರೆ ಮಾಡು, ನಾನು ಪಕ್ಕದಲ್ಲಿ ನಿಂತಿರುತ್ತೇನೆ’ ಎನ್ನುತ್ತಾರೆ. ವೈದ್ಯರು ಬಂದರು, ಹೊಟ್ಟೆಯೊಳಗಿನ ಸೋಂಕು ಪತ್ತೆಯಾಯಿತು, ರೋಗಿ ಉಳಿದರು.

ನಿಮ್ಮ ಲೇಖನ ಇಷ್ಟೇ, ಇದೇ. ಉಳಿದದ್ದನ್ನು ಬಿಟ್ಟುಬಿಡಿ.

ಈ ಭಾಗದಲ್ಲೂ ಒಂದು ವಾಕ್ಯ ನನ್ನನ್ನು ತಡೆಯಿತು: ‘ಏನೋ ಸರಿಯಿಲ್ಲವೆಂದು ಒಳಮನಸ್ಸು ಹೇಳಿತು.’ ಆ ಒಳಮನಸ್ಸು ಹೇಗೆ ತಯಾರಾಯಿತು ಎಂಬುದನ್ನು ಓದುಗರಿಗೆ ತೋರಿಸಿ. 1984ರಲ್ಲಿ ಅಮೆರಿಕದ ಶುಶ್ರೂಷಾ ತಜ್ಞೆ ಪ್ಯಾಟ್ರೀಷಿಯಾ ಬೆನ್ನರ್ ಹೊಸ ನರ್ಸ್ ಪರಿಣತೆಯಾಗುವ ಹಾದಿಯನ್ನು ಐದು ಹಂತಗಳಲ್ಲಿ ವಿವರಿಸಿದರು. ಪರಿಣತೆಗೆ ನಿಯಮಗಳ ಪಟ್ಟಿ ಬೇಕಾಗುವುದಿಲ್ಲ, ಇಡೀ ಸನ್ನಿವೇಶವನ್ನು ಒಮ್ಮೆಗೇ ಗ್ರಹಿಸುತ್ತಾಳೆ ಎಂದರು. ಹೊರಗಿನವರಿಗೆ ಇದು ದಿವ್ಯದೃಷ್ಟಿಯಂತೆ ಕಾಣುತ್ತದೆ. ಒಳಗೆ ಇರುವುದು ಸಾವಿರಾರು ಬಾರಿ ಎಣಿಸಿದ ಉಸಿರು. ರೋಗಿಗೆ ತಿಳಿದರೆ ಉಸಿರಿನ ಲಯ ಬದಲಾದೀತೆಂದು ನಾಡಿ ಹಿಡಿದಂತೆಯೇ ಮಣಿಕಟ್ಟಿನ ಮೇಲೆ ಬೆರಳಿಟ್ಟು, ಕಣ್ಣನ್ನು ಎದೆಯ ಏರಿಳಿತದ ಮೇಲೆ ನೆಟ್ಟು, ಪೂರ್ತಿ ಒಂದು ನಿಮಿಷ ಎಣಿಸುತ್ತೀರಲ್ಲ, ಅದನ್ನು ಬರೆಯಿರಿ. ಎಣಿಸದೆ ಅಂದಾಜಿನಲ್ಲಿ 18 ಎಂದೋ 20 ಎಂದೋ ಗೀಚಿದ ಚಾರ್ಟುಗಳನ್ನೂ ನೀವು ನೋಡಿರುತ್ತೀರಿ. ಅದನ್ನೂ ಮುಚ್ಚಿಡಬೇಡಿ.

ರಕ್ತದೊತ್ತಡ ಸರಿಯಿದ್ದರೂ ನೀವು ಏಕೆ ಹೆದರಿದಿರಿ ಎಂಬುದು ಸಾಮಾನ್ಯ ಓದುಗರಿಗೆ ತಿಳಿಯುವುದಿಲ್ಲ. ದೇಹ ಸಂಕಟವನ್ನು ಮೊದಲು ಉಸಿರು ಮತ್ತು ನಾಡಿಯ ವೇಗ ಹೆಚ್ಚಿಸಿ ಸರಿದೂಗಿಸುತ್ತದೆ, ಎಷ್ಟೋ ವೇಳೆ ರಕ್ತದೊತ್ತಡ ಕುಸಿಯುವುದು ತಡವಾಗಿ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ ಮುನ್ನೆಚ್ಚರಿಕೆ ಅಂಕಪಟ್ಟಿಯಲ್ಲಿ ಉಸಿರು 25 ಅಥವಾ ಹೆಚ್ಚಿದ್ದರೆ 3 ಅಂಕ, ನಾಡಿ 118ಕ್ಕೆ 2 ಅಂಕ. ಒಟ್ಟು 5 ಮುಟ್ಟಿದರೆ ತುರ್ತಾಗಿ ನೋಡಬೇಕು. ನಿಮ್ಮ ರೋಗಿ ಎರಡು ಗಂಟೆಗೆ ಈ ಎರಡರಿಂದಲೇ ಅಲ್ಲಿಗೆ ಬಂದಿದ್ದರು. ಒಂದು ಪ್ಯಾರಾದಲ್ಲಿ ಇದನ್ನು ಹೇಳಿಬಿಡಿ, ಸಾಕು.

ಇನ್ನು ಆ ಎರಡು ಕರೆಗಳು. ಮೊದಲ ಕರೆಯಲ್ಲಿ ನೀವು ಹೇಳಿದ್ದು: ‘ಡಾಕ್ಟರೇ, ಪೇಷಂಟ್ ಯಾಕೋ ಸರಿಯಿಲ್ಲ.’ ಎರಡನೆಯದರಲ್ಲಿ: ‘ಶಸ್ತ್ರಚಿಕಿತ್ಸೆಯಾಗಿ ಎರಡು ದಿನ. ಉಸಿರು ನಾಲ್ಕು ಗಂಟೆಯಲ್ಲಿ 18ರಿಂದ 26ಕ್ಕೆ ಏರಿದೆ, ನಾಡಿ 118. ಒಳಗೆ ಸೋಂಕಾಗಿರಬಹುದೆಂಬ ಆತಂಕ ನನಗಿದೆ. ನೀವು ಈಗಲೇ ಬಂದು ನೋಡಬೇಕು.’ ಎರಡನ್ನೂ ನೀವೇ ಬರೆದಿದ್ದೀರಿ, ಆದರೆ ನಡುವೆ ಒಂದೂವರೆ ಪುಟ ವೈದ್ಯರನ್ನು ಬೈದಿದ್ದೀರಿ. ಬೈಗುಳ ತೆಗೆದು ಎರಡನ್ನೂ ಅಕ್ಕಪಕ್ಕ ಇಡಿ. ನಡುರಾತ್ರಿ ನಿದ್ದೆಗಣ್ಣಿನಲ್ಲಿ ಮೊದಲ ವಾಕ್ಯ ಕೇಳಿದವರಿಗೆ ಹಾಸಿಗೆಯಿಂದ ಏಳಲು ಯಾವ ಕಾರಣ ಸಿಕ್ಕಿತ್ತು? ಸ್ಥಿತಿ, ಹಿನ್ನೆಲೆ, ಅಂದಾಜು, ಕೋರಿಕೆ ಎಂಬ ಈ ಕ್ರಮ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗಳಿಗೆ ಬಂದದ್ದು ಎಂದು ಹೇಳಿದ್ದೀರಿ, ಒಳ್ಳೆಯದು. ಆದರೆ ನಾಲ್ಕರಲ್ಲಿ ಕೊನೆಯದನ್ನು ಹೇಳುವಾಗಲೇ ಗಂಟಲು ಕಟ್ಟುತ್ತದೆ. ‘ನೀವು ಬರಬೇಕು’ ಎನ್ನಲು ಕಿರಿಯ ನರ್ಸ್‌ಗೆ ಧೈರ್ಯ ಎಲ್ಲಿಂದ ಬಂತು?

ಪಕ್ಕದಲ್ಲಿ ನಿಂತವರಿಂದ. ನೀವು ಅವರಿಗೆ ಕೊಟ್ಟಿರುವುದು ಒಂದೇ ವಾಕ್ಯ. ಅವರು ಫೋನನ್ನು ತಮ್ಮ ಕೈಗೆ ತೆಗೆದುಕೊಳ್ಳಬಹುದಿತ್ತು, ಹಿರಿಯರ ಮಾತಿಗೆ ವೈದ್ಯರು ಬೇಗ ಬರುತ್ತಲೂ ಇದ್ದರು. ತೆಗೆದುಕೊಳ್ಳಲಿಲ್ಲ. ಏಕೆ ಎಂದು ಅವರನ್ನು ಕೇಳಿದ್ದೀರಾ? ಆ ಇಪ್ಪತ್ತು ನಿಮಿಷ ನಿಮ್ಮ ಉಳಿದ ರೋಗಿಗಳನ್ನು ಯಾರು ನೋಡಿಕೊಂಡರು? ನನಗೆ ನಾಯಕತ್ವ ಕಂಡದ್ದು ಅಲ್ಲಿ.

ಎರಡು ತಿದ್ದುಪಡಿಗಳು. ‘ನರ್ಸ್‌ಗಳು ಕಡಿಮೆಯಿದ್ದರೆ ಶೇ 7ರಷ್ಟು ರೋಗಿಗಳು ಸಾಯುತ್ತಾರೆ’ ಎಂಬುದು ತಪ್ಪು. ಆ ಅಂಕಿ ಬಂದ, ಸಂಶೋಧಕಿ ಲಿಂಡಾ ಐಕನ್ ಮತ್ತು ಸಂಗಡಿಗರ 2002ರ ಅಧ್ಯಯನ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಶಸ್ತ್ರಚಿಕಿತ್ಸೆಯ ರೋಗಿಗಳ ಬಗ್ಗೆ: ಒಬ್ಬ ನರ್ಸ್ ಮೇಲೆ ಒಬ್ಬ ರೋಗಿಯ ಹೊರೆ ಹೆಚ್ಚಾದಂತೆ 30 ದಿನಗಳೊಳಗಿನ ಸಾವಿನ ಸಂಭವ ಮೊದಲಿದ್ದದ್ದರ ಮೇಲೆ ಶೇ 7ರಷ್ಟು ಏರುತ್ತಿತ್ತು. ಅರ್ಥ ಬಹಳ ಬೇರೆ. ಹಾಗೆಯೇ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ಬರೀ ದೀಪ ಹಿಡಿದ ನರ್ಸ್ ಎಂದು ಬಿಟ್ಟುಬಿಡಬೇಡಿ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ತಡೆಯಬಹುದಾಗಿದ್ದ ರೋಗಗಳಿಂದಲೇ ಹೆಚ್ಚು ಸತ್ತರೆಂದು 1858ರಲ್ಲಿ ರೇಖಾಚಿತ್ರ ಬಿಡಿಸಿ ಬ್ರಿಟಿಷ್ ಸರ್ಕಾರದ ಮುಂದಿಟ್ಟವರು ಅವರು. ನಿಮ್ಮ 18, 22, 26ಕ್ಕೆ ಹತ್ತಿರವಾದದ್ದು ಆ ಚಿತ್ರ.

ಮುಖ್ಯವಾದ ಇನ್ನೊಂದು ವಿಷಯ: ರೋಗಿಯ ಹೆಸರು ಬರೆದಿಲ್ಲ, ಸರಿ. ಆದರೆ ತಾರೀಖು, ಹಾಸಿಗೆ ಸಂಖ್ಯೆ, ವೃತ್ತಿ ಮೂರೂ ಇವೆ. ಮನೆಯವರು ಓದಿದರೆ ತಕ್ಷಣ ಗುರುತಿಸುತ್ತಾರೆ. ಮೂರನ್ನೂ ತೆಗೆಯಿರಿ.

ಹೊಸ ಕರಡು ಒಂದೂವರೆ ಸಾವಿರ ಪದಗಳೊಳಗಿರಲಿ. ಕಳುಹಿಸುವ ಮುನ್ನ ಆ ಹಿರಿಯ ನರ್ಸ್‌ಗೆ ಓದಿ ಹೇಳಿ. ನಿಮ್ಮ ನೆನಪಿಗೂ ಅವರ ನೆನಪಿಗೂ ಎಲ್ಲಿ ವ್ಯತ್ಯಾಸ ಬರುತ್ತದೋ ಅದನ್ನು ಅಂಚಿನಲ್ಲಿ ಗುರುತು ಹಾಕಿ ನನಗೂ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ