ಒನ್ಸ್‌ಮೋರ್ ಅಂದವರಿಗೆ ಉತ್ತರ

ಈ ಸಲ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದವರು ಕಂಪನಿ ನಾಟಕಗಳಲ್ಲಿ ಬೆಳೆದ ಬಳ್ಳಾರಿಯ ಹಿರಿಯ ನಟಿ.

ಪ್ರಶ್ನೆ: ಅಮ್ಮಾ, ನಮ್ಮ ಬಳ್ಳಾರಿಯಲ್ಲೇ ಹುಟ್ಟಿದ ಜಯಂತಿಯವರ ಹಾಗೆ ನೀವೂ ಸಿನಿಮಾಕ್ಕೆ ಹೋಗಬಹುದಿತ್ತಲ್ಲ? (ಸಿರುಗುಪ್ಪದ ಓದುಗ)

ಹೋಗಿದ್ದೆ ತಮ್ಮಾ, ಒಂದು ಸಣ್ಣ ಪಾತ್ರಕ್ಕೆ. ಬಾಯಿ ತೆಗೆದ ಕೂಡಲೇ ನಿರ್ದೇಶಕರು "ಅಮ್ಮಾ, ಕ್ಯಾಮೆರಾ ಇಲ್ಲೇ ಇದೆ, ಕೂಗಬೇಡಿ" ಅಂದರು! ಹಿಂದಿನ ಗ್ಯಾಲರಿಯಲ್ಲಿ ಕೂತವನಿಗೆ ಮಾತು ಮುಟ್ಟಿಸುವುದು ನಾನು ಕಲಿತ ವಿದ್ಯೆ. ಜಯಂತಿಯವರು 1963ರಲ್ಲಿ ಕನ್ನಡ ಸಿನಿಮಾಕ್ಕೆ ಬಂದವರು, ಕಣ್ಣಲ್ಲೇ ಅರ್ಧ ಮಾತು ಮುಗಿಸುತ್ತಿದ್ದರು. ಹೊಟ್ಟೆಕಿಚ್ಚು ಆಗಲಿಲ್ವಾ ಅಂದರೆ, ಆಗಿತ್ತು. ಯಾಕೆ ಸುಳ್ಳು ಹೇಳಲಿ?

ಪ್ರಶ್ನೆ: ಜನ ಗುರುತು ಹಿಡಿದು ಮಾತಾಡಿಸಿದಾಗ ಹೇಗನಿಸುತ್ತಿತ್ತು? (ಕೊಪ್ಪಳದ ಗೃಹಿಣಿ)

ಗುರುತು ಹಿಡಿಯುತ್ತಿದ್ದದ್ದು ನನ್ನನ್ನಲ್ಲ ತಂಗಿ, ಪಾತ್ರವನ್ನು. ಗಂಗಾವತಿ ಸಂತೆಯಲ್ಲಿ ಒಬ್ಬಾಕೆ ನನಗೆ ಬದನೆಕಾಯಿ ಕೊಡೋಕೇ ಒಪ್ಪಲಿಲ್ಲ, ಯಾಕೆಂದರೆ ಹಿಂದಿನ ರಾತ್ರಿ ನಾನು ಸೊಸೆಗೆ ವಿಷ ಹಾಕಿದ ಅತ್ತೆ! ಬೈಸಿಕೊಂಡು ಬಂದೆ, ಆದರೆ ಒಳಗೊಳಗೇ ಖುಷಿ. ಬೇಜಾರಾಗಿದ್ದು ಬೇರೆ ವಿಷಯಕ್ಕೆ. ರಾತ್ರಿ ಮೈಕಿನಲ್ಲಿ ಹೆಸರು ಕೂಗಿಸಿ ನೂರು ರೂಪಾಯಿ ಕಾಣಿಕೆ ಕೊಟ್ಟ ಮನುಷ್ಯನೇ, ಬೆಳಿಗ್ಗೆ ಅವರ ಓಣಿಯಲ್ಲಿ ಬಾಡಿಗೆಗೆ ಮನೆ ಕೇಳಿದರೆ "ನಾಟಕದವರಿಗೆ ಕೊಡಲ್ಲ" ಅಂದುಬಿಡುತ್ತಿದ್ದ. ಮಕ್ಕಳನ್ನು ಶಾಲೆಗೆ ಸೇರಿಸುವಾಗಲೂ ಇದೇ ಪಿಸುಪಿಸು. ವಕೀಲರೂ ದೊಡ್ಡ ನಾಟಕ ನಟರೂ ಆಗಿದ್ದ ನಮ್ಮೂರ ಬಳ್ಳಾರಿ ರಾಘವ ಹೆಂಗಸರು ರಂಗದ ಮೇಲೆ ಬರಬೇಕು ಅಂತ ಹೇಳುತ್ತಿದ್ದವರು. ಅವರು ತೀರಿಕೊಂಡಿದ್ದು 1946ರಲ್ಲಿ. ಅದಾಗಿ ಎಷ್ಟೋ ವರ್ಷಕ್ಕೆ ಬಣ್ಣ ಹಚ್ಚಿದ ನನ್ನನ್ನು ಸ್ಟೇಜಿಗೆ ಎಲ್ಲರೂ ಕರೆದರು, ಮನೆಯ ಅರಿಶಿನ ಕುಂಕುಮಕ್ಕೆ ಕರೆದವರು ಕಡಿಮೆ. ಹೆಸರು ಅಂದರೆ ನನಗೆ ಮೊದಲು ನೆನಪಾಗುವುದು ಆ ಬಾಡಿಗೆ ಮನೆ.

ಪ್ರಶ್ನೆ: ದುಡ್ಡು ಮಾಡಿಕೊಂಡ್ರಾ? ನೇರವಾಗಿ ಹೇಳಿ. (ರಾಯಚೂರಿನ ಓದುಗ)

ಇಲ್ಲ. ಜಾತ್ರೆ ಸೀಸನ್ನಿನಲ್ಲಿ ನಿದ್ದೆಗೆ ಪುರುಸೊತ್ತಿಲ್ಲ, ಮಳೆಗಾಲದಲ್ಲಿ ಕೈಯಲ್ಲಿ ಕಾಸಿಲ್ಲ. ಹಳ್ಳಿ ನಾಟಕಕ್ಕೆ ಹೋಗುವ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ, ಪೂರ್ತಿ ದುಡ್ಡು ಕೈಗೆ ಬಂದ ಮೇಲೆ ಬಣ್ಣ ಹಚ್ಚಿ. ಬೆಳಗಿನ ಜಾವ ಪರದೆ ಬಿದ್ದ ಮೇಲೆ ಕಮಿಟಿಯವರು ಒಬ್ಬರೂ ಕಣ್ಣಿಗೆ ಬೀಳಲ್ಲ. 58 ದಾಟಿದ ಕಲಾವಿದರು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನಕ್ಕೆ ಅರ್ಜಿ ಹಾಕಿ, ನಾಚಿಕೆ ಬೇಡ. ಹಳೇ ಕರಪತ್ರ, ಫೋಟೋ, ಪೇಪರ್ ಕಟಿಂಗ್ ಎಸೆಯಬೇಡಿ. ದುಡಿದದ್ದಕ್ಕೆ ಸಾಕ್ಷಿ ಅವೇ ಅಲ್ವಾ.

ಪ್ರಶ್ನೆ: ಮಗಳು ಡಿಗ್ರಿ ಓದುತ್ತಿದ್ದಾಳೆ. ರೀಲ್ಸ್ ಮಾಡುತ್ತಾಳೆ, ನಟಿ ಆಗಬೇಕಂತೆ. ಬಿಡಲಾ? (ಸಿಂಧನೂರಿನ ತಾಯಿ)

ಡಿಗ್ರಿ ಮುಗಿಸಲಿ, ಆಮೇಲೆ ಬಿಡಿ ತಾಯಿ. ಹೆಗ್ಗೋಡಿನ ನೀನಾಸಂನಲ್ಲಿ 1980ರಿಂದ ನಾಟಕ ಕಲಿಸುತ್ತಿದ್ದಾರೆ, ಒಂದು ವರ್ಷದ ಕೋರ್ಸ್ ಇದೆ, ವಿಚಾರಿಸಿ. ರೀಲ್ಸ್ ಬಗ್ಗೆ ನನಗೆ ಕೋಪ ಇಲ್ಲ, ಮೊಮ್ಮಗಳ ಜೊತೆ ನಾನೂ ಮಾಡಿದ್ದೀನಿ. ಆದರೆ ಅಲ್ಲಿ ಜನಕ್ಕೆ ಬೇಜಾರಾದರೆ ಬೆರಳಲ್ಲಿ ಮೇಲೆ ತಳ್ಳಿ ಹೋಗುತ್ತಾರೆ, ನಮಗೆ ಗೊತ್ತೇ ಆಗಲ್ಲ. ನಾಟಕದಲ್ಲಿ ಕಣ್ಣೆದುರಿಗೇ ಟವೆಲ್ ಕೊಡವಿಕೊಂಡು ಎದ್ದು ಹೋಗುತ್ತಾರೆ. ಅದನ್ನು ನೋಡಿಯೂ ಮುಂದಿನ ಮಾತು ಆಡೋಕೆ ಆಗುತ್ತಾ ಅಂತ ಅವಳೇ ಒಂದು ಸಲ ನೋಡಿಕೊಳ್ಳಲಿ.

ಪ್ರಶ್ನೆ: ಈಗಲೂ ಕರೆದರೆ ನಮ್ಮೂರಿಗೆ ಬರ್ತೀರಾ? (ಕುಷ್ಟಗಿಯ ನಾಟಕ ಸಂಘದವರು)

ಬರ್ತೀನಿ. ಮಂಡಿ ನೋವು, ಕೂತು ಮಾಡುವ ಪಾತ್ರ ಕೊಡಿ. ಇನ್ನೊಂದು, ನನ್ನ ಅಳುವ ಸೀನ್ ನಡುವೆ ಪರದೆ ಇಳಿಸಿ ಊರ ಮುಖಂಡರಿಗೆ ಶಾಲು ಹೊದಿಸೋಕೆ ನಿಲ್ಲಬೇಡಿ. ಅತ್ತದ್ದು ಎಲ್ಲಿಗೆ ನಿಂತಿತ್ತು ಅಂತ ಮರೆತೇ ಹೋಗುತ್ತೆ.